ಪ್ರೋಟಾನ್ ಕುಗ್ಗಿಲ್ಲ ಮಾರಾಯ್ರೇ

ಪ್ರಶ್ನೆ: ಸರ್, 2010ರಲ್ಲಿ ಪ್ರೋಟಾನ್ ಶೇ. 4ರಷ್ಟು ಕುಗ್ಗಿತಂತೆ, ನಿಜವೇ? ಅಷ್ಟು ಸಣ್ಣದನ್ನು ಅಳೆದು ಆಗಬೇಕಾದ್ದೇನು?
– ಪಿಯುಸಿ ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಕುಗ್ಗಿಲ್ಲ. ಮಡಿಕೇರಿಗೆ ಹೋದರೂ ಇದೇ ಪ್ರಶ್ನೆ, ಕುಶಾಲನಗರಕ್ಕೆ ಹೋದರೂ ಇದೇ. ಈ ಸಲ ಬರೆದೇ ಬಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ತೋರಿಸಿ.

ಪ್ರೋಟಾನ್ ಎಂದರೆ ಗಟ್ಟಿ ಗುಂಡು ಅಂದುಕೊಳ್ಳುವುದರಿಂದಲೇ ಈ ಎಡವಟ್ಟು. ಕಾಫಿ ಬೀಜವಾದರೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿಗೆ ಹಾಕುತ್ತಾರೆ. ತೂತಿನಲ್ಲಿ ಇಳಿಯಿತೋ ಇಲ್ಲವೋ, ಅಲ್ಲಿಗೆ ಗಾತ್ರ ತೀರ್ಮಾನ. ಬೀಜಕ್ಕೆ ಅಂಚಿದೆ, ಅದಕ್ಕೇ ಜರಡಿ ನಡೆಯುತ್ತದೆ. ಪ್ರೋಟಾನಿಗೆ ಅಂಚೇ ಇಲ್ಲ! ಅದರ ವಿದ್ಯುದಾವೇಶ ನಡುವಿನಿಂದ ದೂರ ಸರಿದಂತೆ ತೆಳುವಾಗುತ್ತ ಹೋಗುತ್ತದೆಯೇ ಹೊರತು ಎಲ್ಲೂ ಥಟ್ಟನೆ ಮುಗಿಯುವುದಿಲ್ಲ. ತ್ರಿಜ್ಯ ಎನ್ನುವುದು ಆ ಹರಡಿಕೆಯ ಒಂದು ಬಗೆಯ ಸರಾಸರಿ. ಎಲೆಕ್ಟ್ರಾನುಗಳನ್ನು ಹಾಯಿಸಿ ಅವು ಹೇಗೆ ಚದುರುತ್ತವೆ ಎಂದು ನೋಡಿ, ಇಲ್ಲವೇ ಹೈಡ್ರೋಜನ್ನಿನ ಶಕ್ತಿಮಟ್ಟಗಳು ಎಷ್ಟು ಕದಲಿವೆ ಎಂದು ನೋಡಿ ಅದನ್ನು ಲೆಕ್ಕ ಹಾಕುತ್ತಾರೆ.

ಹಾಗೆ ಬಂದಿದ್ದ ಲೆಕ್ಕ ಸುಮಾರು 0.877 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). 2010ರಲ್ಲಿ ಸ್ವಿಟ್ಜರ್‌ಲೆಂಡಿನ ಪೌಲ್ ಶೆರರ್ ಸಂಸ್ಥೆಯಲ್ಲಿ ರ್‍ಯಾಂಡಾಲ್ಫ್ ಪೋಲ್ ಮತ್ತು ಸಂಗಡಿಗರು ಹೈಡ್ರೋಜನ್ನಿನಲ್ಲಿ ಎಲೆಕ್ಟ್ರಾನಿನ ಜಾಗಕ್ಕೆ ಮ್ಯುಆನ್ ತಂದು ಕೂರಿಸಿದರು. ಮ್ಯುಆನ್ ಎಲೆಕ್ಟ್ರಾನಿನದೇ ಜಾತಿಯ ಕಣ, ಆದರೆ ಅದಕ್ಕಿಂತ 207 ಪಟ್ಟು ಭಾರ. ಹಾಗಾಗಿ ಪ್ರೋಟಾನಿಗೆ ಎಷ್ಟೋ ಹತ್ತಿರ ಸುಳಿಯುತ್ತದೆ, ಅದರ ಗಾತ್ರದ ಪರಿಣಾಮವೂ ಎದ್ದು ಕಾಣುತ್ತದೆ. ಆದರೆ ಅದರ ಆಯುಸ್ಸು ಸರಾಸರಿ 2.2 ಮೈಕ್ರೋಸೆಕೆಂಡ್. ಅಷ್ಟರೊಳಗೆ ಲೇಸರ್ ಬಿಟ್ಟು ಕೆಲಸ ಮುಗಿಸಬೇಕು. ಸಿಕ್ಕಿದ್ದು 0.842.

"ಮ್ಯುಆನ್ ಹತ್ತಿರ ಬಂದು ಹಿಂಡಿತು, ಅದಕ್ಕೇ ಕುಗ್ಗಿತು" ಎಂದು ವಾದಿಸುವ ಜಾಣರಿದ್ದಾರೆ. 2019ರಲ್ಲಿ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರು ಮಾಮೂಲಿ ಹೈಡ್ರೋಜನ್ನಿನಲ್ಲೇ ಅಳೆದರು. ಮ್ಯುಆನಿನ ಸುಳಿವೇ ಇಲ್ಲ, ಆದರೂ ಬಂದದ್ದು 0.833, ಅಳತೆಯ ಅನಿಶ್ಚಿತತೆಯೊಳಗೆ ಮ್ಯುಆನ್ ಕೊಟ್ಟ 0.842ಕ್ಕೆ ತಾಳೆಯಾಗುತ್ತದೆ. ಬದಲಾದದ್ದು ನಮ್ಮ ಪುಸ್ತಕದ ಅಂಕಿ, ಪ್ರೋಟಾನ್ ಅಲ್ಲ.

ಅಳೆದು ಆಗಬೇಕಾದ್ದೇನು ಅಂದೆಯಲ್ಲ? ತೂಕ, ಆಯುಸ್ಸು ಬಿಟ್ಟರೆ ಎಲೆಕ್ಟ್ರಾನ್, ಮ್ಯುಆನ್ ಎರಡೂ ಒಂದೇ ಥರ ನಡೆದುಕೊಳ್ಳುತ್ತವೆ ಎಂಬುದು ಈಗಿನ ಸಿದ್ಧಾಂತದ ಬುನಾದಿ. ಎರಡಕ್ಕೂ ಪ್ರೋಟಾನ್ ನಿಜಕ್ಕೂ ಬೇರೆಬೇರೆಯಾಗಿ ಕಂಡಿದ್ದರೆ ಆ ಬುನಾದಿಯೇ ಅಲ್ಲಾಡುತ್ತಿತ್ತು. ಪರಮಾಣುಗಳ ಶಕ್ತಿಮಟ್ಟಗಳನ್ನು ಲೆಕ್ಕ ಹಾಕಲು ಬೇಕಾದ ರಿಡ್‌ಬರ್ಗ್ ಸ್ಥಿರಾಂಕವೂ ಈ ಅಂಕಿಗೇ ಗಂಟುಬಿದ್ದಿದೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಮ್ಯುಆನ್ ನೋಡಲು ಸ್ವಿಟ್ಜರ್‌ಲೆಂಡಿಗೇ ಹೋಗಬೇಕಿಲ್ಲ. ಆಕಾಶದಿಂದ ಸುರಿಯುತ್ತಲೇ ಇರುತ್ತವೆ, ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಮಡಿಕೇರಿ ಎತ್ತರದಲ್ಲಿದೆ, ನಮಗೆ ತುಸು ಜಾಸ್ತಿಯೇ. ಅವು ಹುಟ್ಟುವುದು ಸುಮಾರು 15 ಕಿಲೋಮೀಟರ್ ಮೇಲೆ, 2.2 ಮೈಕ್ರೋಸೆಕೆಂಡಿನಲ್ಲಿ ಬೆಳಕು ಕೂಡ ಸುಮಾರು 660 ಮೀಟರ್ ಅಷ್ಟೇ ಓಡೀತು. ಆದರೂ ನೆಲ ಮುಟ್ಟುತ್ತವೆ, ಏಕೆಂದರೆ ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ಮ್ಯುಆನಿನ ಗಡಿಯಾರ ನಮ್ಮ ಲೆಕ್ಕದಲ್ಲಿ ನಿಧಾನ.