ಉಂಗುರ ತೊಡಿಸುವ ಮೊದಲು ಕೈಯ ಕೆಲಸ ಕೇಳಿ

"ಡಾಕ್ಟರೇ, ಬೆರಳಿಗೆ ಏನು ಬೇಕಾದರೂ ಮಾಡಿ, ಉಂಗುರವನ್ನು ಮಾತ್ರ ಕತ್ತರಿಸಬೇಡಿ. ನಿಶ್ಚಿತಾರ್ಥದ ಉಂಗುರ ಅದು."

ಹೀಗೆ ಕೈಮುಗಿದವರು ಒಬ್ಬ ತಾಯಿ. ಮಗನ ಮದುವೆಗೆ ಹನ್ನೆರಡು ದಿನ ಉಳಿದಿತ್ತು. ತೋಟದಲ್ಲಿ ಜೇನುನೊಣ ಕಚ್ಚಿ ಅವನ ಕೈ ಊದಿಕೊಂಡಿತ್ತು. ಉಂಗುರ ಮಾಂಸದೊಳಗೆ ಹೂತುಹೋಗಿ, ಬೆರಳ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕತ್ತರಿಸಿದ ಚಿನ್ನವನ್ನು ಅಕ್ಕಸಾಲಿಗರು ಬೆಸೆದು ಕೊಡುತ್ತಾರಮ್ಮ, ಸತ್ತ ಬೆರಳನ್ನು ನಾನು ಬದುಕಿಸಲಾರೆ ಎಂದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಅವರ ಅಳು ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ.

ಗಂಡಸರು ನಿಶ್ಚಿತಾರ್ಥದ ಉಂಗುರ ತೊಡಬೇಕೇ ಎಂದು ಕೈಯ ಶಸ್ತ್ರಚಿಕಿತ್ಸಕನಾದ ನನ್ನನ್ನು ಆಗಾಗ ಕೇಳುತ್ತಾರೆ. ತೊಡಲಿ, ಸಂತೋಷವಾಗಿ ತೊಡಲಿ. ಆದರೆ ಕೆಲಸಕ್ಕೆ ಇಳಿಯುವಾಗ ತೆಗೆದಿಡಲಿ. ಹಾಗೆ ತೆಗೆಯುವುದಕ್ಕೆ ಒಪ್ಪಿಗೆಯನ್ನು ಎರಡೂ ಮನೆಯವರು ಉಂಗುರ ತೊಡಿಸಿದ ದಿನವೇ ಕೊಟ್ಟುಬಿಡಲಿ.

ಹಿಂದೆ ನಮ್ಮಲ್ಲಿ ತಾಂಬೂಲ ಬದಲಾಯಿಸಿಕೊಂಡು ಲಗ್ನಪತ್ರಿಕೆ ಓದಿದರೆ ಮಾತು ಗಟ್ಟಿಯಾದಂತೆ. ಉಂಗುರ ಬದಲಾಯಿಸಿಕೊಳ್ಳುವುದು ಈಚೆಗೆ ಬಂದು ಸೇರಿದ ಶಾಸ್ತ್ರ. ಆದರೂ ಒಂದು ವಿಷಯದಲ್ಲಿ ನಾವು ಮುಂದಿದ್ದೇವೆ. ಪಶ್ಚಿಮದಲ್ಲಿ ಇಂದಿಗೂ ನಿಶ್ಚಿತಾರ್ಥದ ಉಂಗುರವೆಂದರೆ ಹೆಚ್ಚಾಗಿ ಹೆಣ್ಣಿನ ಬೆರಳಿನದು. 1926ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳು ಗಂಡಸರಿಗೂ ನಿಶ್ಚಿತಾರ್ಥದ ಉಂಗುರವನ್ನು ರೂಢಿ ಮಾಡಿಸಲು ಹೊರಟು ಸೋತರು. ಟಿಫನಿಯಂಥ ಹಳೆಯ ಅಂಗಡಿ ಗಂಡಸರಿಗಾಗಿ ವಜ್ರದ ನಿಶ್ಚಿತಾರ್ಥದ ಉಂಗುರ ತಂದದ್ದು 2021ರಲ್ಲಿ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಹುಡುಗ ಹುಡುಗಿ ಇಬ್ಬರೂ ಒಬ್ಬರಿಗೊಬ್ಬರು ತೊಡಿಸುತ್ತಾರೆ. ಮಾತು ಕೊಟ್ಟವರು ಇಬ್ಬರಾದ ಮೇಲೆ ಗುರುತೂ ಇಬ್ಬರ ಮೈಮೇಲೆ ಇರುವುದು ನನಗೆ ಇಷ್ಟ.

ನನ್ನನ್ನು ಕಾಡುವುದು ಇನ್ನೊಂದು ಗಾಯ. ಲಾರಿಯ ಮೇಲಿಂದ ಜಿಗಿಯುವಾಗ ಹಿಂಬಾಗಿಲ ಕೊಂಡಿಗೆ, ಗೇಟು ಹಾರುವಾಗ ಅದರ ಚೂಪು ಕಂಬಿಗೆ ಉಂಗುರ ಸಿಕ್ಕಿಕೊಳ್ಳುತ್ತದೆ. ಮೈ ಕೆಳಗೆ ಬರುತ್ತದೆ, ಉಂಗುರ ಮೇಲೆಯೇ ನಿಲ್ಲುತ್ತದೆ. ಇಡೀ ದೇಹದ ಭಾರ ಒಂದು ಬೆರಳಿನ ಮೇಲೆ ಬಿದ್ದು, ಚರ್ಮ ಕೈಗವಸು ಕಳಚಿದಂತೆ ಕಿತ್ತು ಬರುತ್ತದೆ. ಕೆಲವೊಮ್ಮೆ ಮೂಳೆ, ಸ್ನಾಯುರಜ್ಜುಗಳೂ ಅದರ ಜೊತೆಗೆ ಹೋಗುತ್ತವೆ. 1981ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೇಮ್ಸ್ ಅರ್ಬಾನಿಯಾಕ್ ಮತ್ತು ಸಂಗಡಿಗರು ಈ ಗಾಯವನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ರಕ್ತಸಂಚಾರ ಉಳಿದಿದ್ದರೆ ಮೊದಲನೆಯದು, ರಕ್ತನಾಳ ಹರಿದು ಸಂಚಾರ ಸಾಲದಾದರೆ ಎರಡನೆಯದು, ಚರ್ಮ ಪೂರ್ತಿ ಸುಲಿದು ಅಥವಾ ಬೆರಳೇ ಬೇರ್ಪಟ್ಟು ಬಂದರೆ ಮೂರನೆಯದು. ನಾವು ಇಂದಿಗೂ ಇದೇ ಲೆಕ್ಕದಲ್ಲಿ ಮಾತನಾಡುತ್ತೇವೆ.

ಮಚ್ಚಿನಿಂದ ನೇರವಾಗಿ ತುಂಡಾದ ಬೆರಳನ್ನು ಜೋಡಿಸುವುದು ಇದಕ್ಕಿಂತ ಸುಲಭ ಎಂದರೆ ಜನ ನಂಬುವುದಿಲ್ಲ. ಬೆರಳಿನ ರಕ್ತನಾಳದ ಅಗಲ ಸುಮಾರು ಒಂದು ಮಿಲಿಮೀಟರು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಲ್ಲಿ ಅದನ್ನು ಹೊಲಿಯುತ್ತೇವೆ. ಮಚ್ಚಿನ ಏಟಿನಲ್ಲಿ ನಾಳ ತುಂಡಾದ ಜಾಗದಲ್ಲಷ್ಟೇ ಹಾಳಾಗಿರುತ್ತದೆ. ಉಂಗುರ ಎಳೆದದ್ದಾದರೆ ನಾಳದ ಒಳಪದರ ಉದ್ದಕ್ಕೂ ಹರಿದಿರುತ್ತದೆ. ಆ ಭಾಗವನ್ನೆಲ್ಲ ಕತ್ತರಿಸಿ ತೆಗೆದು, ಮುಂಗೈಯಿಂದಲೋ ಪಾದದಿಂದಲೋ ಬೇರೆ ನಾಳ ತಂದು ಸೇರಿಸಬೇಕಾಗುತ್ತದೆ. ಅಮೆರಿಕದ ಟಿ.ವಿ. ನಿರೂಪಕ ಜಿಮ್ಮಿ ಫ್ಯಾಲನ್ 2015ರಲ್ಲಿ ಮನೆಯ ಅಡುಗೆಕೋಣೆಯಲ್ಲಿ ಎಡವಿ ಬೀಳುವಾಗ ಮದುವೆಯ ಉಂಗುರ ಕಟ್ಟೆಗೆ ಸಿಕ್ಕಿ ಹೀಗೇ ಆಯಿತು. ಆರು ಗಂಟೆಯ ಶಸ್ತ್ರಚಿಕಿತ್ಸೆಯಿಂದ ಅವರ ಬೆರಳು ಉಳಿಯಿತು. ಎಷ್ಟೋ ಜನರಿಗೆ ಉಳಿಯುವುದಿಲ್ಲ. ಮದುವೆಯಾಗಬೇಕಾದ ಹುಡುಗನಿಗೆ "ಬೆರಳು ತೆಗೆಯಬೇಕಾಗುತ್ತದೆ" ಎಂದು ಹೇಳುವ ಆ ಕ್ಷಣ ನನಗೆ ಇಂದಿಗೂ ರೂಢಿಯಾಗಿಲ್ಲ.

ಗ್ಯಾರೇಜಿನವರಿಗೆ ಇನ್ನೊಂದು ಅಪಾಯ. ಬ್ಯಾಟರಿಯ ಮೊಳೆಗೂ ಸ್ಪ್ಯಾನರಿಗೂ ನಡುವೆ ಉಂಗುರ ತಾಗಿದರೆ ಹನ್ನೆರಡೇ ವೋಲ್ಟ್ ಸಾಕು, ಉಂಗುರ ಕ್ಷಣದಲ್ಲಿ ಕಾದು ಬೆರಳ ಸುತ್ತ ಬಳೆಯಂತೆ ಸುಡುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ತೆಗೆಯುವುದಿಲ್ಲ ಏಕೆ? ಅಪಶಕುನದ ಭಯ. ಕೊಟ್ಟ ಅತ್ತೆ ಮಾವ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ. ಹಿರಿಯರಿಗೆ ನಾನು ಪವಿತ್ರದ ಉಂಗುರವನ್ನು ನೆನಪಿಸುತ್ತೇನೆ. ದರ್ಭೆಯ ಪವಿತ್ರವನ್ನು ಇದೇ ಉಂಗುರದ ಬೆರಳಿಗೆ ಧರಿಸಿ ಸಂಕಲ್ಪ ಮಾಡುತ್ತೇವೆ, ಕರ್ಮ ಮುಗಿದ ಮೇಲೆ ಬಿಚ್ಚಿಡುತ್ತೇವೆ. ಬಿಚ್ಚಿದ್ದರಿಂದ ಸಂಕಲ್ಪ ಕೆಡುವುದಿಲ್ಲ. ಶ್ರೀರಾಮನ ಮುದ್ರೆಯುಂಗುರ ಅವನ ಕೈಯಲ್ಲೇ ಇದ್ದಿದ್ದರೆ ಸೀತೆಗೆ ಧೈರ್ಯ ತಲುಪುತ್ತಿರಲಿಲ್ಲ. ಹಾಗೆಂದಾಗ ಎಷ್ಟೋ ಹಿರಿಯರ ಮುಖ ಸಡಿಲವಾಗುವುದನ್ನು ಕಂಡಿದ್ದೇನೆ.

ಒಮ್ಮೆ ಮದುವೆ ನಿಶ್ಚಯವಾದ ಹುಡುಗಿಯೊಬ್ಬಳು ಕೇಳಿದಳು: "ನಾಳೆ ನಾನು ತಾಳಿ, ಕಾಲುಂಗುರ ತೆಗೆಯುವ ಹಾಗಿಲ್ಲ. ಅವರು ಮಾತ್ರ ಉಂಗುರ ತೆಗೆದಿಡಬಹುದೇ, ಸರ್?" ಅವಳ ಪ್ರಶ್ನೆಯಲ್ಲಿ ನ್ಯಾಯವಿತ್ತು. ನನ್ನ ಉತ್ತರವೂ ಒಂದೇ. ಗಿರಣಿಯ ಪಟ್ಟಿಯ ಹತ್ತಿರ, ಮೇವು ಕತ್ತರಿಸುವ ಯಂತ್ರದ ಮುಂದೆ ನಿಲ್ಲುವ ಹೆಣ್ಣಿಗೂ ಉಂಗುರ, ಬಳೆ, ಸರ ತೆಗೆದಿಡುವ ಹಕ್ಕು ಇರಬೇಕು. ಯಂತ್ರ ಗಂಡು ಹೆಣ್ಣೆಂದು ನೋಡುವುದಿಲ್ಲ. ಹುಡುಗನಿಗೆ ಕೊಡುವ ಒಪ್ಪಿಗೆಯನ್ನು ಅವಳಿಗೂ ಕೊಡಿ.

ಕೊಳ್ಳುವಾಗ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಗ್ರಾಂ ಎಂದಲ್ಲ, ಹುಡುಗನ ಕೈ ದಿನವಿಡೀ ಏನು ಮಾಡುತ್ತದೆ ಎಂದು. ನನ್ನ ಓಟು ಚಿನ್ನಕ್ಕೆ. ಮೃದು ಲೋಹ, ತುರ್ತಿನಲ್ಲಿ ಸುಲಭವಾಗಿ ಕತ್ತರಿಸಬಹುದು. ಈಗ ಹುಡುಗರು ಇಷ್ಟಪಡುವ ಟೈಟಾನಿಯಂ ಉಂಗುರಕ್ಕೆ ನಮ್ಮ ಸಾಮಾನ್ಯ ಕಟರು ಸೋಲುತ್ತದೆ. ಟಂಗ್‌ಸ್ಟನ್ ಕಾರ್ಬೈಡನ್ನು ಕತ್ತರಿಸಲು ಆಗುವುದೇ ಇಲ್ಲ, ಇಕ್ಕಳದಲ್ಲಿ ಒತ್ತಿ ಒಡೆಯಬೇಕು. ಎತ್ತರವಾಗಿ ಕೂರಿಸಿದ ಹರಳಿಗಿಂತ ನುಣುಪಾದ ತೆಳು ಬಳೆಯುಂಗುರ ಮೇಲು. ಚಳಿಗಾಲದ ಬೆಳಿಗ್ಗೆ ಕೊಟ್ಟ ಅಳತೆ ಏಪ್ರಿಲ್ ಸೆಕೆಯಲ್ಲಿ ಬಿಗಿಯಾಗುತ್ತದೆ, ಸಂಜೆ ಅಳತೆ ಕೊಡಿ. ಕೆಲಸದಲ್ಲೂ ಬೆರಳು ಬರಿದಾಗಿರಬಾರದು ಎನ್ನುವವರಿಗೆ ಸಿಲಿಕೋನ್ ಉಂಗುರವಿದೆ, ಜೋರಾಗಿ ಎಳೆದರೆ ಹರಿದುಹೋಗುತ್ತದೆ. ಲೇತ್ ಮುಂದೆ ನಿಲ್ಲುವವರು ಉಂಗುರವನ್ನು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವುದೂ ಬೇಡ. ದೇವರ ಮನೆಯ ಭರಣಿಯಲ್ಲಿರಲಿ.

ಉಂಗುರ ಸಿಕ್ಕಿಕೊಂಡರೆ ಕೈಯನ್ನು ಮೇಲೆತ್ತಿ ತಣ್ಣೀರು ಸೋಕಿಸಿ, ಸೋಪು ಅಥವಾ ಎಣ್ಣೆ ಹಚ್ಚಿ. ಬಗ್ಗದಿದ್ದರೆ ದಾರದ ಒಂದು ತುದಿಯನ್ನು ಉಂಗುರದಡಿ ಅಂಗೈ ಕಡೆಗೆ ತೂರಿಸಿ, ಉಳಿದದ್ದನ್ನು ಉಂಗುರದಿಂದ ಗೆಣ್ಣಿನಾಚೆಯವರೆಗೆ ಒತ್ತೊತ್ತಾಗಿ ಸುತ್ತಿ. ಆಮೇಲೆ ತೂರಿಸಿದ ತುದಿಯನ್ನು ಬೆರಳ ತುದಿಯ ಕಡೆಗೆ ಎಳೆಯುತ್ತ ಬಿಚ್ಚಿದರೆ ಉಂಗುರ ಸುತ್ತು ಸುತ್ತಾಗಿ ಮುಂದೆ ಬರುತ್ತದೆ. ಮೂಳೆ ಮುರಿದಿದ್ದರೆ, ಬೆರಳು ಮರಗಟ್ಟಿದ್ದರೆ, ನೀಲಿಯಾಗಿದ್ದರೆ ಇದನ್ನು ಮಾಡಬೇಡಿ. ನೇರ ಆಸ್ಪತ್ರೆಗೆ ಬನ್ನಿ.

ಬೆರಳು ಹರಿದಾಗ ಸ್ವಲ್ಪ ಚರ್ಮ ಅಂಟಿಕೊಂಡಿದ್ದರೆ ಅದನ್ನು ಕತ್ತರಿಸಬೇಡಿ. ಬುಡಕ್ಕೆ ದಾರ ಬಿಗಿಯಬೇಡಿ, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎತ್ತಿಡಿ. ಬೇರ್ಪಟ್ಟ ಭಾಗವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿಡಿ. ಮಂಜುಗಡ್ಡೆ ನೇರವಾಗಿ ತಾಗಿದರೆ ಜೀವಕೋಶ ಸಾಯುತ್ತದೆ. ಹೊರಡುವ ಮೊದಲೇ ಫೋನ್ ಮಾಡಿ, ಸೂಕ್ಷ್ಮ ರಕ್ತನಾಳ ಜೋಡಿಸುವ ವೈದ್ಯರು ಅಲ್ಲಿದ್ದಾರೆಯೇ ಎಂದು ಕೇಳಿ. ಉಂಗುರವನ್ನು ಹುಡುಕುತ್ತ ಗೇಟಿನ ಬಳಿ ನಿಲ್ಲಬೇಡಿ.