ಪದ ಪರಿಚಯ: ಕೋನಾ ಬೈಕ್ ಕೌಂಟ್

‘ಕೋನಾ ಕೌಂಟ್ ಪ್ರಕಾರ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಯಾಥ್ಲಾನ್ ಬೈಕ್ ಇದು.’ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಾಥ್ಲಾನ್‌ಗೆ ಹೊಸ ಸೈಕಲ್ ಕೊಳ್ಳಲು ಹೊರಟವರಿಗೆ ಈ ಮಾತನ್ನೇ ಸಲಹೆ ಅಂತ ಕೊಡುವುದು ರೂಢಿಯಾಗಿಬಿಟ್ಟಿದೆ. ಗೋವಾದ ಐರನ್‌ಮ್ಯಾನ್ 70.3 ರೇಸ್ (ಪೂರ್ಣ ಐರನ್‌ಮ್ಯಾನ್‌ನ ಅರ್ಧ ದೂರದ್ದು) ಹತ್ತಿರ ಬಂತೆಂದರೆ ಬೆಂಗಳೂರಿನ ಗುಂಪುಗಳಲ್ಲಿ ಇದೇ ಮಾತು ಓಡಾಡುತ್ತದೆ. ಲಕ್ಷಗಟ್ಟಲೆ ಹಣ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ಕೋನಾ ಕೌಂಟ್ ಮಾರಾಟದ ಲೆಕ್ಕ ಅಲ್ಲ. ಯಾವತ್ತೂ ಆಗಿರಲಿಲ್ಲ.

ಹವಾಯಿಯ ಕೈಲುವಾ-ಕೋನಾ ಊರಲ್ಲಿ ಸಮುದ್ರಕ್ಕೆ ಚಾಚಿಕೊಂಡ ಒಂದು ಕಟ್ಟೆ ಇದೆ. ಐರನ್‌ಮ್ಯಾನ್ ಅನ್ನುವ ದೀರ್ಘ ದೂರದ ಟ್ರಯಾಥ್ಲಾನಿನ ವಿಶ್ವ ಚಾಂಪಿಯನ್‌ಶಿಪ್‌ನ ಹಿಂದಿನ ದಿನ ಸ್ಪರ್ಧಿಗಳು ತಮ್ಮ ಸೈಕಲ್ ತಳ್ಳಿಕೊಂಡು ಬಂದು ಅಲ್ಲಿ ನಿಲ್ಲಿಸಿ ಹೋಗಬೇಕು. ಆ ದಾರಿಯ ಪಕ್ಕ ಒಂದಷ್ಟು ಜನ ಹಾಳೆ ಹಿಡಿದು ಸಾಲಾಗಿ ಕೂತಿರುತ್ತಾರೆ. ಒಬ್ಬರು ಫ್ರೇಮ್ ನೋಡಿ ಗೀಟು ಎಳೆಯುತ್ತಾರೆ, ಇನ್ನೊಬ್ಬರು ಚಕ್ರ, ಮತ್ತೊಬ್ಬರು ಸೀಟು. ಏರೋಬಾರ್ (ಮೊಣಕೈ ಊರಿ ಮುಂದಕ್ಕೆ ಬಾಗಿ ಹಿಡಿಯುವ ಹ್ಯಾಂಡಲ್), ಪೆಡಲ್, ಪವರ್ ಮೀಟರ್ (ತುಳಿಯುವ ಶಕ್ತಿ ಅಳೆಯುವ ಸಾಧನ), ಯಾವುದನ್ನೂ ಬಿಡುವುದಿಲ್ಲ. ಈ ಎಣಿಕೆಯೇ ಕೋನಾ ಕೌಂಟ್. ಎಣಿಸುವವರಲ್ಲಿ ಹೆಚ್ಚಿನವರು ಇದೇ ವ್ಯಾಪಾರದವರು, ಬೇರೆ ಬೇರೆ ಕಂಪನಿಗಳಿಂದ ಬಂದವರು. ಎದುರಾಳಿ ಕಂಪನಿಯವನು ಪಕ್ಕದಲ್ಲೇ ಕೂತಿರುವಾಗ ಇಲ್ಲದ ಗೀಟು ಎಳೆಯುವುದು ಕಷ್ಟ. ಹಾಗಾಗಿ ಎಣಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆ ಎಣಿಕೆಗೆ ಆಮೇಲೆ ಹಚ್ಚುವ ಅರ್ಥದ ಬಗ್ಗೆ ಇದೆ.

ಆ ಕಟ್ಟೆಯ ಮೇಲೆ ಸರ್ವೇಲೊ ಕಂಪನಿಯ ಹತ್ತು ವರ್ಷ ಹಳೆಯ ಪಿ2 ಸೈಕಲ್ ಬರುತ್ತದೆ. ಅದರ ಹಿಂದೆಯೇ ಹೋದ ವಾರ ಪೆಟ್ಟಿಗೆಯಿಂದ ತೆಗೆದ ಕ್ಯಾನ್ಯನ್ ಕಂಪನಿಯ ಸ್ಪೀಡ್‌ಮ್ಯಾಕ್ಸ್ ಬರುತ್ತದೆ. ಎರಡಕ್ಕೂ ಒಂದೊಂದೇ ಗೀಟು. ಮೊದಲನೆಯದು ಹತ್ತು ವರ್ಷದ ಹಿಂದಿನ ಮಾರಾಟ. ಅದನ್ನು ಎರಡು ಕೈ ದಾಟಿ ಹಳೇ ಮಾಲಾಗಿ ಕೊಂಡಿದ್ದರೆ ಕಂಪನಿಗೆ ಆ ಹಣದಲ್ಲಿ ಒಂದು ಪೈಸೆಯೂ ಹೋಗಿಲ್ಲ. ಮಾರಾಟ ಅಂದರೆ ಇಂತಿಷ್ಟು ಅವಧಿಯಲ್ಲಿ ಅಂಗಡಿಯಿಂದ ಹೊರಗೆ ಹೋದದ್ದು. ಕೌಂಟ್ ಅಂದರೆ ಒಂದು ಮಧ್ಯಾಹ್ನ ಒಂದು ಜಾಗಕ್ಕೆ ಬಂದದ್ದು. ಮದುವೆ ಛತ್ರದ ಮುಂದೆ ನಿಂತ ಸ್ಕೂಟರುಗಳನ್ನು ಎಣಿಸಿ, ಈ ತಿಂಗಳು ಯಾವ ಸ್ಕೂಟರ್ ಜಾಸ್ತಿ ಮಾರಾಟವಾಯಿತು ಅಂತ ಹೇಳಲಿಕ್ಕಾಗುತ್ತದೆಯೇ?

ಬಂದವರು ಯಾರು ಅನ್ನುವುದನ್ನೂ ನೋಡಬೇಕು. ಕೋನಾದಲ್ಲಿ ಓಡುವವರು ಬೇರೆ ರೇಸುಗಳಲ್ಲಿ ಅರ್ಹತೆ ಗಳಿಸಿ, ವಿಮಾನದಲ್ಲಿ ಸೈಕಲ್ ಹೊತ್ತು ಪೆಸಿಫಿಕ್ ನಡುವಿನ ದ್ವೀಪಕ್ಕೆ ಹೋಗುವಷ್ಟು ಅನುಕೂಲ ಇರುವವರು. 2019ರಲ್ಲಿ ಅವರು ಸುಮಾರು 2,400 ಮಂದಿ. ಊರಿನ ಕಡಿಮೆ ದೂರದ ಸ್ಪ್ರಿಂಟ್ ಟ್ರಯಾಥ್ಲಾನಿಗೆ ಮಾಮೂಲಿ ರೋಡ್ ಬೈಕಿನ ಹ್ಯಾಂಡಲ್‌ಗೆ ಏರೋಬಾರ್ ಸಿಕ್ಕಿಸಿಕೊಂಡು ಬರುವವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಈ ಆಟಕ್ಕೆ ಹೊಸದಾಗಿ ಬರುವವರಲ್ಲಿ ಅಂಥವರೇ ಜಾಸ್ತಿ, ಅಲ್ವಾ?

ಚಕ್ರದ ಲೆಕ್ಕ ಇನ್ನೂ ದಾರಿ ತಪ್ಪಿಸುತ್ತದೆ. ಕೋನಾ ರೇಸಿನಲ್ಲಿ ಹಾವಿ ಅನ್ನುವ ಊರಿನ ಕಡೆಗೆ ಹೋಗುವ ರಸ್ತೆಯಲ್ಲಿ ಮುಮುಕು ಅನ್ನುವ ಅಡ್ಡಗಾಳಿ ಸವಾರರನ್ನು ಪಕ್ಕಕ್ಕೆ ತಳ್ಳುವಷ್ಟು ಜೋರಾಗಿ ಬೀಸುತ್ತದೆ. ಅದಕ್ಕೇ ಆ ರೇಸಿನಲ್ಲಿ ಹಿಂಬದಿಗೆ ಡಿಸ್ಕ್ ವೀಲ್ (ಕಡ್ಡಿಗಳಿಲ್ಲದ, ಪೂರ್ತಿ ಮುಚ್ಚಿದ ಚಕ್ರ) ಹಾಕುವುದು ನಿಷಿದ್ಧ. ಬೇರೆ ಕಡೆ ಡಿಸ್ಕ್ ಹಾಕುವವರು ಕೂಡ ಕೋನಾಗೆ ಮಾತ್ರ ಎರವಲು ತಂದೋ ಬಾಡಿಗೆಗೆ ಪಡೆದೋ ಬೇರೆ ಚಕ್ರ ಹಾಕಿಕೊಳ್ಳುತ್ತಾರೆ. ಚಕ್ರದ ಪಟ್ಟಿಯಲ್ಲಿ ಜಿಪ್ ಕಂಪನಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿತ್ತು, ನಿಜ. ಆದರೆ ಯಾರು ಯಾವ ಡಿಸ್ಕ್ ಕೊಂಡಿದ್ದಾರೆ ಅನ್ನುವುದಕ್ಕೆ ಆ ಪಟ್ಟಿಯಲ್ಲಿ ಉತ್ತರ ಇಲ್ಲ.

ಹಾಗಾದರೆ ಕೌಂಟ್ ಕೆಲಸಕ್ಕೆ ಬಾರದ್ದೇ? ಹಾಗಲ್ಲ. ಒಂದು ವರ್ಷದ ಅಂಕಿ ಹಿಡಿದುಕೊಂಡು ಕುಣಿಯಬಾರದು, ಅಷ್ಟೇ. ಹತ್ತು, ಹದಿನೈದು ವರ್ಷದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಗಾಳಿ ಯಾವ ಕಡೆ ತಿರುಗಿತು ಅಂತ ಚೆನ್ನಾಗಿ ಕಾಣುತ್ತದೆ.

1989ರಲ್ಲಿ ಡ್ಯಾನ್ ಎಂಪ್‌ಫೀಲ್ಡ್ ಅವರ ಕ್ವಿಂಟಾನಾ ರೂ ಕಂಪನಿ ಸೂಪರ್‌ಫಾರ್ಮ್ ಅನ್ನುವ ಸೈಕಲ್ ತಂದಿತು. ಸೀಟ್ ಟ್ಯೂಬನ್ನು (ಸೀಟಿನ ಕೆಳಗಿನ ಕೊಳವೆ) ಕಡಿದಾಗಿಸಿ, ಏರೋಬಾರ್ ಮೇಲೆ ಮೊಣಕೈ ಊರಿ ಗಂಟೆಗಟ್ಟಲೆ ತುಳಿಯಲು ಬರುವಂತೆ ಮಾಡಿದ್ದರು. ಟ್ರಯಾಥ್ಲಾನ್‌ಗೆಂದೇ ಮಾಡಿದ ಸೈಕಲ್ ಅನ್ನುವ ಜಾತಿ ಶುರುವಾದದ್ದೇ ಅಲ್ಲಿಂದ. ಆಗ ದೊಡ್ಡ ರೋಡ್ ಬೈಕ್ ಕಂಪನಿಗಳು ಈ ಗಿರಾಕಿಯನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಆಮೇಲೆ ಸರ್ವೇಲೊ ಬಂತು. 1995ರಲ್ಲಿ ಕೆನಡಾದಲ್ಲಿ ಜೆರಾರ್ಡ್ ವ್ರೂಮನ್ ಮತ್ತು ಫಿಲ್ ವೈಟ್ ಶುರು ಮಾಡಿದ ಕಂಪನಿ. 2005ರಲ್ಲಿ ಕೋನಾ ಪಟ್ಟಿಯ ತಲೆಗೆ ಏರಿತು. 2019ರಲ್ಲೂ ಅಲ್ಲೇ ಇತ್ತು. ‘ಏರೋಡೈನಾಮಿಕ್ಸ್’ ಅಂತ ಒಂದೇ ಪದದಲ್ಲಿ ಇದಕ್ಕೆ ಕಾರಣ ಹೇಳಿ ಮುಗಿಸುವವರಿದ್ದಾರೆ. ಏರೋ ಮುಖ್ಯವೇ. ಆದರೆ ಮೂರು ವಿಷಯ ಒಟ್ಟಿಗೆ ಕೂಡಿ ಬಂದವು. ಗಾಳಿ ಸೀಳುವ ಫ್ರೇಮ್ ಇತ್ತು. 2003ರಿಂದ ಸಿಎಸ್‌ಸಿ ಅನ್ನುವ ವೃತ್ತಿಪರ ಸೈಕಲ್ ತಂಡದ ಸವಾರರು ಟಿವಿಯಲ್ಲಿ ಅದೇ ಹೆಸರಿನ ಸೈಕಲ್ ತುಳಿಯುತ್ತಿದ್ದರು. 2008ರ ಟೂರ್ ದ ಫ್ರಾನ್ಸ್ ಅನ್ನು ಕಾರ್ಲೋಸ್ ಸಾಸ್ತ್ರೆ ಸರ್ವೇಲೊ ಮೇಲೆ ಗೆದ್ದರು. ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ದುಬಾರಿ ಪಿ3ಯ ಪಕ್ಕದಲ್ಲೇ ಅಂಗಡಿಯವನು ಕಡಿಮೆ ಬೆಲೆಯ ಪಿ2 ಇಟ್ಟು ಮಾರಬಹುದಿತ್ತು. ಆಸೆಯಿಂದ ಪಿ3 ನೋಡಲು ಬಂದವನು ಬರಿಗೈಲಿ ಹೋಗುತ್ತಿರಲಿಲ್ಲ.

ಗೆದ್ದವರ ಸೈಕಲ್ ತಾನಾಗಿಯೇ ಮಾರಾಟವಾಗುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದನ್ನು ಕೌಂಟೇ ಅಲ್ಲಗಳೆಯುತ್ತದೆ. 2015ರಿಂದ 2018ರವರೆಗೆ ಡನಿಯೆಲಾ ರಿಫ್ ಸತತ ನಾಲ್ಕು ಸಲ ಫೆಲ್ಟ್ ಕಂಪನಿಯ ಸೈಕಲ್ ಮೇಲೆ ಕೋನಾ ಗೆದ್ದರು. ಫೆಲ್ಟ್ ಪಟ್ಟಿಯ ತಲೆಗೆ ಹೋಗಲಿಲ್ಲ. ಪುರುಷರಲ್ಲಿ 2015, 2016, 2019ರಲ್ಲಿ ಯಾನ್ ಫ್ರೊಡೆನೊ, ನಡುವಿನ ಎರಡು ವರ್ಷ ಪ್ಯಾಟ್ರಿಕ್ ಲಾಂಗೆ, ಹೀಗೆ ಐದಕ್ಕೆ ಐದೂ ಕ್ಯಾನ್ಯನ್ ಗೆಲುವು. ಆದರೂ 2019ರಲ್ಲಿ ಕಟ್ಟೆಯ ಮೇಲೆ ಸರ್ವೇಲೊಗಳೇ ಜಾಸ್ತಿ. ಪಟ್ಟಿಯಲ್ಲಿ ಕ್ಯಾನ್ಯನ್ ಮೇಲಕ್ಕೆ ಏರಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಗೆಲುವಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚು, ಆ ಕಂಪನಿ ಮಾರುವ ರೀತಿ ಕಾರಣ. ಜರ್ಮನಿಯ ಕೊಬ್ಲೆಂಜ್‌ನಿಂದ ಅಂಗಡಿಯ ಹಂಗಿಲ್ಲದೆ ನೇರ ಮನೆಗೆ ಪೆಟ್ಟಿಗೆ ಕಳಿಸುತ್ತಾರೆ. ಅಂಗಡಿಯವನ ಪಾಲು ಉಳಿಯುವುದರಿಂದ ಅದೇ ದುಡ್ಡಿಗೆ ಒಳ್ಳೆಯ ಬಿಡಿಭಾಗ ಹಾಕಿ ಕೊಡಲು ಬರುತ್ತದೆ. 2017ರಲ್ಲಿ ಅವರು ಅಮೆರಿಕದ ಮಾರುಕಟ್ಟೆಗೂ ಇಳಿದರು.

ಮಾರಾಟವನ್ನು ತಳ್ಳುವ ಇನ್ನೊಂದು ಸಂಗತಿಗೆ ಜಾಹೀರಾತಿನಲ್ಲಿ ಜಾಗ ಸಿಗುವುದಿಲ್ಲ: ಅಳತೆ. ಸ್ಟ್ಯಾಕ್ ಮತ್ತು ರೀಚ್ ಅಂತ ಈಗ ಎಲ್ಲರೂ ಹೇಳುವ ಎರಡು ಅಂಕಿಗಳನ್ನು ಬಳಕೆಗೆ ತಂದವರು ಅದೇ ಎಂಪ್‌ಫೀಲ್ಡ್. ಫ್ರೇಮಿನ ಮುಂಭಾಗ ಎಷ್ಟು ಎತ್ತರ, ಎಷ್ಟು ಮುಂದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಫಿಟ್ ಮಾಡಿಕೊಡುವವನು ‘ನಿಮ್ಮ ಮೈಗೆ ಈ ಫ್ರೇಮ್ ಕೂರುತ್ತದೆ’ ಅಂದರೆ ಗಿರಾಕಿ ಅದನ್ನೇ ಕೊಳ್ಳುತ್ತಾನೆ. 180 ಕಿ.ಮೀ. ತುಳಿದು ಇಳಿದು ಮ್ಯಾರಥಾನ್ ಓಡಬೇಕಾದವನಿಗೆ ಬೆನ್ನು ಮುಖ್ಯ. ಫ್ರೇಮಿನ ಮೇಲಿನ ಹೆಸರು ಆಮೇಲಿನದು.

ಈಚಿನ ಪಟ್ಟಿಗಳ ಬಗ್ಗೆ ಒಂದು ಎಚ್ಚರಿಕೆ. 2023ರಿಂದ 2025ರವರೆಗೆ ಚಾಂಪಿಯನ್‌ಶಿಪ್ ಎರಡು ಹೋಳಾಗಿತ್ತು. ಒಂದು ವರ್ಷ ಪುರುಷರು ಫ್ರಾನ್ಸಿನ ನೀಸ್‌ನಲ್ಲಿ, ಮಹಿಳೆಯರು ಕೋನಾದಲ್ಲಿ. ಮರುವರ್ಷ ಅದಲು ಬದಲು. ನೀಸ್ ಅಂದರೆ ಬೆಟ್ಟ ಹತ್ತಿ ಇಳಿಯುವ ದಾರಿ. ಅಲ್ಲಿಗೆ ಟ್ರಯಾಥ್ಲಾನ್ ಬೈಕ್ ಬಿಟ್ಟು ರೋಡ್ ಬೈಕ್ ತಂದವರೂ ಇದ್ದಾರೆ. ಆ ವರ್ಷಗಳ ಅಂಕಿಯನ್ನು 2019ರ ಪಕ್ಕ ಇಟ್ಟು ‘ಆ ಬ್ರ್ಯಾಂಡ್ ಬಿತ್ತು, ಈ ಬ್ರ್ಯಾಂಡ್ ಎದ್ದಿತು’ ಅನ್ನುವ ಬರಹಗಳನ್ನು ದಯವಿಟ್ಟು ಹಂಚಬೇಡಿ. ದಾರಿ ಬೇರೆ, ಸವಾರರು ಬೇರೆ.

ನಮ್ಮ ಕಡೆಗೆ ಬಂದರೆ, 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್ 70.3 ಶುರುವಾದ ಮೇಲೆ ಇಂಥ ಸೈಕಲ್‌ಗಳ ಮಾತು ಹೆಚ್ಚಾಗಿದೆ. ಇಲ್ಲಿ ಕೊಳ್ಳುವವರ ಕೈ ಕಟ್ಟುವುದು ಆಮದು ಸುಂಕ ಮತ್ತು ಬಿಡಿಭಾಗ. ಡಿರೈಲರ್ ಹ್ಯಾಂಗರ್ ಅಂತ ಬೆರಳುದ್ದದ ಒಂದು ತುಂಡು ಇದೆ. ಹಿಂದಿನ ಗೇರು ಫ್ರೇಮಿಗೆ ನೇತಾಡುವುದು ಅದರಿಂದಲೇ. ಏಟು ಬಿದ್ದರೆ ಫ್ರೇಮ್ ಉಳಿಯಲಿ ಅಂತ ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ವಿಮಾನದ ಪೆಟ್ಟಿಗೆಯಲ್ಲಿ ಅದು ಬಾಗಿದರೆ ಗೇರು ಸರಿಯಾಗಿ ಬೀಳುವುದಿಲ್ಲ. ಫ್ರೇಮ್ ಬದಲಾದರೆ ಎಷ್ಟೋ ಸಲ ಹ್ಯಾಂಗರ್ ಆಕಾರವೂ ಬದಲಾಗುತ್ತದೆ. ಸೀಟ್‌ಪೋಸ್ಟ್, ಹ್ಯಾಂಡಲ್ ಸ್ಟೆಮ್‌ಗಳನ್ನೂ ಈಗ ಆಯಾ ಫ್ರೇಮಿಗೆ ಮಾತ್ರ ಕೂರುವಂತೆ ಮಾಡುತ್ತಾರೆ. ಕೊಳ್ಳುವ ಮೊದಲು ಅಂಗಡಿಯವನನ್ನು ಕೇಳಿ: ಈ ಮಾಡೆಲ್ಲಿನ ಹ್ಯಾಂಗರ್ ನಿಮ್ಮಲ್ಲಿ ಈಗ ಇದೆಯೇ, ಇಲ್ಲದಿದ್ದರೆ ಎಷ್ಟು ದಿನದಲ್ಲಿ ಬರುತ್ತದೆ? ಇದೆ ಅಂದರೆ ಸೈಕಲ್ ಜೊತೆಗೇ ಎರಡು ತೆಗೆದಿಟ್ಟುಕೊಳ್ಳಿ.