ಟೆಲಿಗ್ರಾಂ ಗ್ರೂಪ್ ವಾಟ್ಸ್ಆ್ಯಪ್‌ಗಿಂತ ಭದ್ರವೇ?

ಪ್ರಶ್ನೆ: ನಮ್ಮ ಸೊಸೈಟಿ ಕಮಿಟಿಯವರು ವಾಟ್ಸ್ಆ್ಯಪ್ ಗ್ರೂಪ್ ಮುಚ್ಚಿ ಟೆಲಿಗ್ರಾಂಗೆ ಹೋಗೋಣ, ಅಲ್ಲಿ ಕಂಪನಿಗೂ ಓದಲಾಗದು ಎನ್ನುತ್ತಾರೆ. ನಿಜವೇ? (ಡೊಂಬಿವಲಿಯ ಓದುಗರು)

ನಿಜವಲ್ಲ. ಈ ಪ್ರಶ್ನೆಗೆ ಮುಂಬೈಯ ಮಾಟುಂಗದಲ್ಲಿ, ಥಾಣೆ ನಗರದಲ್ಲಿ, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತುಕೊಂಡೂ ಉತ್ತರ ಹೇಳಿದ್ದೇನೆ. ಈ ಸಲ ಬರೆದೇ ಇಡುತ್ತೇನೆ.

ಟೆಲಿಗ್ರಾಂ ಗ್ರೂಪಿನ ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್, ಅಂದರೆ ಕಳಿಸಿದವರು ಮತ್ತು ಪಡೆದವರ ಹೊರತು ನಡುವಿನ ಕಂಪನಿಗೂ ಓದಲಾಗದಂಥ ಬೀಗ, ಇಲ್ಲವೇ ಇಲ್ಲ. ಸೆಟ್ಟಿಂಗ್ಸ್ ತಡಕಾಡಿದರೂ ಸಿಗದು. ಇಬ್ಬರ ಮಾಮೂಲಿ ಚಾಟ್‌ಗೂ ಇಲ್ಲ. ಇರುವುದು ‘ಸೀಕ್ರೆಟ್ ಚಾಟ್’ಗೆ ಮಾತ್ರ. ಅದನ್ನು ಒಬ್ಬೊಬ್ಬರ ಪ್ರೊಫೈಲ್ ತೆರೆದು ನೀವೇ ಶುರು ಮಾಡಬೇಕು. ವಾಟ್ಸ್ಆ್ಯಪ್‌ನಲ್ಲಾದರೋ 2016ರಿಂದ ಗ್ರೂಪಿಗೂ ಅದು ತಾನಾಗಿಯೇ ಇದೆ.

“ಟೆಲಿಗ್ರಾಂನವರೂ ಎನ್‌ಕ್ರಿಪ್ಷನ್ ಇದೆ ಎನ್ನುತ್ತಾರಲ್ಲ?” ಎನ್ನುವಿರಿ. ಇದೆ. ನಿಮ್ಮ ಮೊಬೈಲಿನಿಂದ ಕಂಪನಿಯ ಕಂಪ್ಯೂಟರ್, ಅಂದರೆ ಸರ್ವರ್‌ವರೆಗಿನ ದಾರಿಗೆ ಬೀಗವಿದೆ, ಸರ್ವರ್‌ನಲ್ಲೂ ಇದೆ. ಆದರೆ ಕೀಲಿಕೈ ಕಂಪನಿಯ ಬಳಿ. ಮಾಟುಂಗದ ಹಿರಿಯರೊಬ್ಬರು ಇದನ್ನು ಒಪ್ಪದೆ ವಾದಕ್ಕೆ ನಿಂತಾಗ ಅವರು ಆಗಷ್ಟೇ ಕೊಂಡ ಫೋನನ್ನು ಕೈಗೆತ್ತಿಕೊಂಡೆ. ಟೆಲಿಗ್ರಾಂ ಹಾಕಿ, ನಂಬರ್ ಕೊಟ್ಟು, ಬಂದ ಕೋಡ್ ಒತ್ತಿದೆವು. ಹಳೆಯ ಫೋನಿನಿಂದ ಏನನ್ನೂ ಸಾಗಿಸಿರಲಿಲ್ಲ. ಆದರೂ ಮೂರು ವರ್ಷದ ಮಾತುಕತೆ, ಮಗಳ ಮದುವೆ ಹಾಲ್‌ನ ಲೆಕ್ಕದ ಸಮೇತ, ಸರಸರನೆ ಬಂದು ಕೂತಿತು. “ರಾಯರೇ, ಇದನ್ನು ಬೀಗ ತೆಗೆದು ಕೊಟ್ಟವರು ಯಾರು?” ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಮೊದಲಿನಿಂದ ನೋಡತೊಡಗಿದರು.

ಹೊಸ ಫೋನಿನಲ್ಲಿ ಹಳೆಯದೆಲ್ಲ ಸಿಗುವುದು ದೊಡ್ಡ ಅನುಕೂಲ. ಅನುಕೂಲವೆಂದೇ ಹೇಳಿ ಮಾರಲಿ. ‘ಬಲವಾದ ಎನ್‌ಕ್ರಿಪ್ಷನ್’ ಎಂದು ಮುಖಪುಟದಲ್ಲಿ ಸಾರಿ, ಕೀಲಿಯ ವಿಚಾರವನ್ನು ಒಳಪುಟಕ್ಕೆ ತಳ್ಳುವುದು ಜನರ ನಂಬಿಕೆಗೆ ಮಾಡುವ ಅನ್ಯಾಯ. ವಿಡಿಯೊ ಸಭೆಯ ಆ್ಯಪ್ ಜೂಮ್ ಇನ್ನೂ ಮುಂದೆ ಹೋಗಿ, ಇಲ್ಲದ ಎಂಡ್-ಟು-ಎಂಡ್ ಇದೆ ಎಂದೇ ಹೇಳಿಕೊಂಡಿತ್ತು. 2020ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಆರೋಪ ಹೊರಿಸಿತು. ಕಂಪನಿ ರಾಜಿ ಮಾಡಿಕೊಂಡಿತು.

ನೀವು ಕೇಳದ ಒಂದು ಮಾತನ್ನೂ ಹೇಳಬೇಕು. ವಾಟ್ಸ್ಆ್ಯಪ್‌ನಲ್ಲೇ ಉಳಿದರೂ ಬ್ಯಾಕಪ್ ನೋಡಿಕೊಳ್ಳಿ. ಚಾಟ್‌ಗಿರುವ ಬೀಗ ಗೂಗಲ್‌ನಲ್ಲೋ ಐಕ್ಲೌಡ್‌ನಲ್ಲೋ ಇರುವ ಪ್ರತಿಗೆ ತಾನಾಗಿ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆ ಸೌಲಭ್ಯ 2021ರಲ್ಲಿ ಬಂದಿದೆ. ‘ಚಾಟ್ ಬ್ಯಾಕಪ್’ ಒಳಗೆ ಹೋಗಿ ನೀವೇ ಆನ್ ಮಾಡಬೇಕು. ಅಲ್ಲಿ ಪಾಸ್‌ವರ್ಡ್ ಆರಿಸಿಕೊಂಡರೆ, ಮರೆತಾಗ ಕಂಪನಿಯೂ ತೆರೆದುಕೊಡಲಾರದು. ಕಾಗದದಲ್ಲಿ ಬರೆದು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಇಡಿ.